ನಾಲ್ಕಕ್ಕ ನಿಲ್ಲಬೇಕು

ಎಳ್ಳಮಾಸಿಯ ಮರುದಿನ ಅದು. ಅಫಜಲಪುರ ತಾಲೂಕಿನ ಭೀಮಾ ದಂಡೆಯ ಮೇಲೆ ನಮ್ಮೂರು. ಚರಗ ಚೆಲ್ಲಿ ಬಂದ ಬುಟ್ಟಿಯಲ್ಲಿ ಸಜ್ಜಿ ಕಡಬು, ಭಜ್ಜಿ ಇನ್ನೂ ಉಳಿದಿದ್ದವು. ಪಡಸಾಲೆಯ ಶಹಾಬಾದ್ ಫರಸಿಯ ಮೇಲೆ ನಾನು ಸೀಮೆಸುಣ್ಣದಿಂದ ಪಾದದ ಗುರುತು ಹಾಕಿಕೊಂಡು ಹಿಂದೆ ಮುಂದೆ ಹೆಜ್ಜೆ ಇಡುತ್ತಿದ್ದೆ. ಬೆಂಗಳೂರಿನಲ್ಲಿ ಕೆಲಸ, ಎಂಟು ತಿಂಗಳಿಂದ ವಾರಕ್ಕೆರಡು ಸಂಜೆ ಸಾಲ್ಸಾ ಕ್ಲಾಸಿಗೆ ಹೋಗುತ್ತೇನೆ. ಮುತ್ಯಾನಿಗೆ ಎಪ್ಪತ್ತೆಂಟು. ನಮ್ಮೂರ ಮೊಹರಂನ ಅಲಾಯಿ ಹೆಜ್ಜೆಗೂ ಕೋಲಾಟಕ್ಕೂ ನಲವತ್ತು ವರ್ಷ ಅವನೇ ವಸ್ತಾದ. ಅವತ್ತು ನಾವಿಬ್ಬರೂ ಆಡಿದ ಮಾತನ್ನು ಅದೇ ರಾತ್ರಿ ಬರೆದಿಟ್ಟುಕೊಂಡೆ.

ಮುತ್ಯಾ: ಏನವ್ವ ಇದು, ಫರಸಿ ಮ್ಯಾಲ ಲಕ್ಷ್ಮೀ ಪಾದ ಬರ್ದಂಗ ಬರ್ದೀದಿ?

ನಾನು: ಸಾಲ್ಸಾ ಹೆಜ್ಜಿ, ಮುತ್ಯಾ. ಎಂಟು ಎಣಿಕಿ ಇರ್ತಾವ, ಹೆಜ್ಜಿ ಮಾತ್ರ ಆರು. ಒಂದು, ಎರಡು, ಮೂರು ಅಂತ ಇಡಬೇಕು, ನಾಲ್ಕಕ್ಕ ಇಡಬಾರದು. ಐದು, ಆರು, ಏಳು ಅಂತ ಇಡಬೇಕು, ಎಂಟಕ್ಕ ಇಡಬಾರದು. ಒಂದಕ್ಕ ನನ್ನ ಬಲಗಾಲು ಹಿಂದ ಹೋಗ್ತದ, ಜೋಡಿ ಇದ್ದವನ ಎಡಗಾಲು ಮುಂದ ಬರ್ತದ. ಐದಕ್ಕ ನಾ ಮುಂದ ಬರ್ತೀನಿ, ಅವ ಹಿಂದ ಸರಿತಾನ.

ಮುತ್ಯಾ: ಅವ ಬಂದಷ್ಟು ನೀ ಸರೀಬೇಕು, ನೀ ಬಂದಷ್ಟು ಅವ ಸರೀಬೇಕು. ಚಂದ ಅದ. ಮತ್ತ ಎಲ್ಲಿ ತಪ್ಪಲತ್ತೀದಿ?

ನಾನು: ನಾಲ್ಕಕ್ಕ. ಅಲ್ಲಿ ನಿಲ್ಲಾಕ ಆಗವಲ್ದು. ಕಾಲು ತಾನಾಗೇ ಮುಂದಿನ ಹೆಜ್ಜಿ ಇಟ್ಟುಬಿಡ್ತದ. ಒಬ್ಬಾಕಿನೇ ಇದ್ದಾಗ ಹ್ಯಾಂಗೋ ನಡೀತದ. ಜೋಡಿ ಕೈ ಹಿಡದು ತಿರುಗು ಅಂದ್ರ ಐದು ಬರೂದ್ರೊಳಗ ನಾ ಅರ್ಧ ತಿರುಗಿರ್ತೀನಿ.

ಮುತ್ಯಾ: ಎಲ್ಲಿ, ತೋರ್ಸು. ಅವಸರ ಬ್ಯಾಡ.

ನಾ ಹೆಜ್ಜೆ ಇಟ್ಟು ತೋರಿಸಿದೆ. ಮುತ್ಯಾ ನನ್ನ ಮುಖ ನೋಡಲಿಲ್ಲ, ಕಾಲನ್ನೂ ನೋಡಲಿಲ್ಲ. ಸೊಂಟದ ಹತ್ತಿರ ಕಣ್ಣು ನೆಟ್ಟು ಕೂತಿದ್ದ.

ಮುತ್ಯಾ: ಮೂರನೇ ಹೆಜ್ಜಿ ನೀ ಪೂರ್ತಿ ಇಟ್ಟೇ ಇಲ್ಲ. ಪಾದ ನೆಲಕ್ಕ ಮುಟ್ಟೇದ, ಮೈಭಾರ ಇನ್ನೂ ಹಿಂದಿನ ಕಾಲಾಗೇ ಅದ. ಅರ್ಧ ಭಾರದ ಮ್ಯಾಲ ಯಾರಿಗೂ ನಿಲ್ಲಾಕ ಆಗಂಗಿಲ್ಲ, ಅದಕ್ಕ ನಾಲ್ಕಕ್ಕ ಓಡ್ತೀದಿ. ಮೂರಕ್ಕ ಭಾರ ಎಲ್ಲಾ ಈ ಕಾಲಿಗಿ ತಗೋ. ಆ ಕಾಲು ಖಾಲಿ ಆಗ್ಲಿ. ಖಾಲಿ ಕಾಲು ಐದರ ತನಕ ಸುಮ್ಮನ ಕಾಯ್ತದ.

ನಾನು: ಕ್ಲಾಸಿನಾಗ ಇದನ್ನ ‘ವೇಟ್ ಟ್ರಾನ್ಸ್‌ಫರ್’ ಅಂತಾರ. ಕೇಳೀನಿ, ಆದ್ರ ಹೀಂಗ ತಿಳಿದಿರಲಿಲ್ಲ.

ಮುತ್ಯಾ: ಇನ್ನೊಂದು. ಹೆಜ್ಜಿ ಸಣ್ಣದ ಇಡು. ನಿನ್ನ ಪಾದದ ಉದ್ದದಷ್ಟು ಸಾಕು. ದೊಡ್ಡ ಹೆಜ್ಜಿ ಇಟ್ಟವ ವಾಪಸ್ ಬರೂದ್ರೊಳಗ ಹಲಗಿ ಪೆಟ್ಟು ಹೋಗಿಬಿಟ್ಟಿರ್ತದ. ಮತ್ತ ಬರಿಗಾಲಿಲೆ ಫರಸಿ ಮ್ಯಾಲ ತಿರುಗಬ್ಯಾಡ. ಕಾಲಿನ ಚರ್ಮ ಕಲ್ಲಿಗಿ ಹಿಡಿತದ. ಪಾದ ಅಲ್ಲೇ ನಿಂತು ಮೈ ತಿರುಗಿದ್ರ ಮೊಣಕಾಲು ತಿರುಚ್ತದ. ಹಿಮ್ಮಡಿ ಎತ್ತಿ, ಮುಂಗಾಲ ಮ್ಯಾಲ ತಿರುಗು.

ನಾನು: ಅದಕ್ಕೇ ಅಲ್ಲಿ ಕೆಳಗ ಮೆತ್ತನ ಚರ್ಮ ಇದ್ದ ಬೂಟು ಹಾಕ್ಕೋತಾರ. ಜಾರಬೇಕು, ಆದ್ರ ಬೀಳಬಾರದು. ನೀವು ಏನ್ ಮಾಡ್ತಿದ್ರಿ?

ಮುತ್ಯಾ: ನಾವು ಮಣ್ಣಿನಾಗ ಹಾಕೋರು. ಅಲಾಯಿ ಕುಣಿ ಸುತ್ತ ನೆಲ ಹದ ಮಾಡಿ ನೀರು ಚಿಮುಕಸ್ತಿದ್ರು. ಗೆಜ್ಜಿ ಕಟ್ಟಿದ ಕಾಲು ಮಣ್ಣಿನಾಗ ತಾನಾಗೇ ಹೊರಳ್ತದ. ಮೊದಲ ಹಲಗಿ ಬೆಂಕಿಗಿ ಕಾಸೋರು, ಚರ್ಮ ಬಿಗಿ ಆಗ್ಲಿ ಅಂತ. ತಣ್ಣನ ಹಲಗಿ ದಬ್ ಅಂತದ, ಕಾದದ್ದು ಠಣ್ ಅಂತದ. ಆ ಠಣ್ ಕೇಳಿಸಿದ ಮ್ಯಾಲೇ ಮೊದಲ ಹೆಜ್ಜಿ. ನನಗ ಕಲಿಸಿದವ ಆಳಂದ ಸೀಮಿ ಮುಸಲ್ಮಾನ ವಸ್ತಾದ. ಮೊದಲ ವರ್ಷ ನನ್ನ ಕಾಲಿಗಿ ಗೆಜ್ಜಿನೇ ಕಟ್ಟಗೊಡಲಿಲ್ಲ. ಬರೇ ನಿಂತು ಹಲಗಿ ಕೇಳು ಅಂದ. ಪೆಟ್ಟು ಬಿದ್ದಲ್ಲಿ ಬ್ಯಾಡ, ಪೆಟ್ಟು ಬೀಳದಲ್ಲಿ ಕೈಬೆರಳು ಮುಚ್ಚು ಅಂತಿದ್ದ. ಸದ್ದಿಲ್ಲದ ಜಾಗ ಎಣಸೋದು ಕಲಿಸಿದ ನೋಡು, ಅದು ಇವತ್ತಿಗೂ ಕೈಬಿಟ್ಟಿಲ್ಲ.

ನಾನು: ನಾಲ್ಕಕ್ಕ ಬೆರಳು ಮುಚ್ಚಲೇನು ನಾನೂ?

ಮುತ್ಯಾ: ಮುಚ್ಚು. ಹತ್ತು ಸಲ ಮಾಡು.

ಹತ್ತು ಸಲವಲ್ಲ, ಮೂವತ್ತು ಸಲ ಮಾಡಿದೆ. ಬೆರಳು ಮುಚ್ಚಿದಾಗಲೆಲ್ಲ ಕಾಲು ನಿಂತಿತು. ಎಂಟು ತಿಂಗಳಲ್ಲಿ ಮೊದಲ ಸಲ ನಾಲ್ಕು ನನಗೆ ಸಿಕ್ಕಿತು. ಆಮೇಲೆ ಮಾತು ಜೋಡಿ ತಿರುವಿಗೆ ಹೊರಳಿತು.

ಮುತ್ಯಾ: ಅವ ನಿನ್ನ ತಿರುಗಿಸ್ತಾನೋ, ನೀನೇ ತಿರುಗ್ತೀದೋ?

ನಾನು: ನಾನೇ ತಿರುಗಬೇಕು. ಅವ ಸುಳುವು ಕೊಡ್ತಾನ ಅಷ್ಟ. ಮೂರಕ್ಕ ಅವನ ಎಡಗೈ ಮ್ಯಾಲ ಏಳ್ತದ, ಅದರಾಗ ನನ್ನ ಬಲಗೈ ಇರ್ತದ. ಕೈ ಎದ್ದದ್ದು ಕಂಡ್ರ ಐದು-ಆರು-ಏಳರಾಗ ಬಲಕ್ಕ ಒಂದು ಸುತ್ತು ತಿರುಗಿ ಮತ್ತ ಎದುರ ನಿಲ್ಲಬೇಕು. ಆದ್ರ ಎಲ್ಲಾರೂ ಸುಳುವು ಕೊಡಂಗಿಲ್ಲ, ಮುತ್ಯಾ. ಒಂದಿನ ಒಬ್ಬ ಕೈ ಹಿಡದು ಬುಗುರಿ ತಿರುಗಿಸಿದಂಗ ಎಳೆದ. ವಾರಗಟ್ಲೆ ಭುಜ ನೋವಿತ್ತು. ಮುಂದಿನ ಕ್ಲಾಸಿಗಿ ಹೋಗಾಕ ಮನಸಾಗಲಿಲ್ಲ.

ಮುತ್ಯಾ: ಹೇಳಲಿಲ್ಲೇನು ಅವಗ?

ನಾನು: ಅವತ್ತು ಹೇಳಲಿಲ್ಲ. ಆಮ್ಯಾಲ ಹೇಳ್ದೆ. ಈಗ ಯಾರೇ ಬಿಗಿ ಹಿಡದ್ರೂ ಅಲ್ಲೇ ಕೈ ಬಿಡಿಸ್ಕೊಂಡು ಹೇಳ್ತೀನಿ.

ಮುತ್ಯಾ: ಹೇಳಬೇಕು. ಜೋಡಿ ಅಂದ್ಮ್ಯಾಲ ಹೇಳಬೇಕು. ಆ ಕೋಲು ಕೊಡಿಲ್ಲಿ.

ಮಾಡಿನ ಸಂದಿಯಲ್ಲಿ ಸಿಕ್ಕಿಸಿದ್ದ ಎರಡು ಕೋಲು ತಂದುಕೊಟ್ಟೆ. ಮೊಳದುದ್ದ, ಹಿಡಿದು ಹಿಡಿದು ಎಣ್ಣೆ ಹಚ್ಚಿದಂತೆ ಮಿರುಗುವ ಕೋಲು. ಮುತ್ಯಾ ಎದ್ದು ನನ್ನೆದುರು ನಿಂತ. ಒಂದು ಕೋಲಿನ ಈ ತುದಿ ತನ್ನ ಅಂಗೈಗೆ, ಆ ತುದಿ ನನ್ನ ಅಂಗೈಗೆ ಆನಿಸಿದ. ಇನ್ನೊಂದನ್ನು ಇನ್ನೊಂದು ಕೈಗೆ ಹಾಗೇ ಆನಿಸಿದ. ಬೆರಳು ಮಡಚಬಾರದು ಎಂದ.

ಮುತ್ಯಾ: ಈಗ ನಿನ್ನ ಆರು ಹೆಜ್ಜಿ ಹಾಕು. ನಾ ಸರಿತೀನಿ. ಕೋಲು ಬೀಳಬಾರದು.

ಎರಡನೇ ಹೆಜ್ಜೆಗೇ ಕೋಲು ಬಿತ್ತು. ನಾನು ಹಿಂದೆ ಸರಿದಷ್ಟು ಕೈಯನ್ನೂ ಹಿಂದಕ್ಕೆಳೆದಿದ್ದೆ. ಎರಡನೇ ಸಲ ಹೆದರಿ ಒತ್ತಿದೆ. ಮುತ್ಯಾನ ಮಣಿಕಟ್ಟು ಹಿಂದೆ ಬಾಗಿ ಮತ್ತೆ ಬಿತ್ತು. ಐದನೆಯ ಸಲಕ್ಕೆ ನಿಂತಿತು. ಕೋಲು ಬೀಳದಷ್ಟೇ ಒತ್ತು, ಮೊಣಕೈ ಮೈಗೆ ಅಂಟಿಯೂ ಇಲ್ಲ, ದೂರವೂ ಇಲ್ಲ. ಮುತ್ಯಾ ಒಂದಿಂಚು ಮುಂದೆ ಬಂದರೆ ಅದು ಕೋಲಿನೊಳಗಿಂದ ನನ್ನ ಬೆನ್ನಿಗೇ ಬಂದು ಮುಟ್ಟುತ್ತಿತ್ತು. ಮೂರಕ್ಕೆ ಅವನ ಎಡಗೈ ತುಸು ಎದ್ದಿತು. ಕಣ್ಣಿಂದ ನೋಡುವ ಮೊದಲೇ ನನಗೆ ತಿಳಿಯಿತು.

ಮುತ್ಯಾ: ಎಳೆದೆನೇನು ನಿನ್ನ?

ನಾನು: ಇಲ್ಲ.

ಮುತ್ಯಾ: ಕೋಲಿಲೆ ಎಳಿಯಾಕ ಬರಂಗಿಲ್ಲ, ಬರೇ ಹೇಳಾಕ ಬರ್ತದ. ಹೊಸಾ ಹುಡುಗ್ರಿಗಿ ನಾ ಹಿಂಗೇ ಕಲಿಸ್ತಿದ್ದೆ. ಹದಿನೈದು ದಿನ ಇಷ್ಟ. ಆಮ್ಯಾಲ ಕೋಲು ಬಡ್ಯೋದು. ನಿಮ್ಮ ಕ್ಲಾಸಿನ ಹುಡುಗ್ರಿಗೂ ಕೋಲು ಕೊಟ್ಟು ನೋಡು.

ನಾನು: ಕೊಡ್ತೀನಿ. ಮುತ್ಯಾ, ಇನ್ನೊಂದು ಕಷ್ಟ ಅದ. ಒಂದು ತಿರುವು ಬರ್ತದ. ಮೂರು-ನಾಲ್ಕು ಕೂಡಿಸಿ ಹೇಳಿಕೊಟ್ರ ನಡುವ ಎಲ್ಲೋ ಕೈ ಗಂಟಾಗ್ತದ. ಈಗ ನೋಡು: ಮೊದಲ ಅವ ಬಾಜೂಕ ಸರಿದು ದಾರಿ ಬಿಡ್ತಾನ, ನಾ ಅವನ ಮುಂದ ಹಾದು ಆ ಕಡಿ ಹೋಗ್ತೀನಿ. ಜಾಗ ಅದಲುಬದಲು. ಇದಕ್ಕ ‘ಕ್ರಾಸ್ ಬಾಡಿ ಲೀಡ್’ ಅಂತಾರ, ಸಾಲ್ಸಾದಾಗ ಇದರಿಂದಲೇ ಅರ್ಧ ಆಟ ಹುಟ್ತದ. ಎರಡನೇ ಸಲ ಹಾದು ಹೋಗೋವಾಗಲೇ ಎಡಕ್ಕ ಒಂದು ಸುತ್ತು. ಮುಂದಿನ ಎಂಟರಾಗ ಬಲಕ್ಕ ಸುತ್ತು, ಆದ್ರ ಈ ಸಲ ಎರಡೂ ಕೈ ಹಿಡದಿರ್ತಾನ. ತಿರುಗಿದ್ರ ನನ್ನ ಒಂದು ಕೈ ಬೆನ್ನ ಹಿಂದ ಹೋಗಿ ಮಡಚ್ತದ. ಅಲ್ಲಿಂದ ಬಿಚ್ಕೊಂಡು ಬರಬೇಕು. ಅಲ್ಲೇ ನಾ ಸಿಕ್ಕೊಂಡು ನಿಲ್ಲೋದು.

ಮುತ್ಯಾ: ಜಡಿ ಕೋಲಾಟ ನೋಡೀದಿ?

ನಾನು: ಸಣ್ಣಾಕಿ ಇದ್ದಾಗ. ನಡುವ ಕಂಬ, ಮ್ಯಾಲಿಂದ ಬಣ್ಣದ ಹಗ್ಗ.

ಮುತ್ಯಾ: ಹೌದು. ಮಂದಿ ಸಮಸಂಖ್ಯಾ ಇರಬೇಕು. ಎಂಟೋ, ಹನ್ನೆರಡೋ, ಹದಿನಾರೋ. ಅರ್ಧ ಮಂದಿ ಬಲಕ್ಕ, ಅರ್ಧ ಎಡಕ್ಕ. ಎದುರು ಬಂದವನ ಹೊರಗಿಂದ ಒಮ್ಮಿ, ಮುಂದಿನವನ ಒಳಗಿಂದ ಒಮ್ಮಿ. ಹೆಜ್ಜಿ ಬಿಡಂಗಿಲ್ಲ, ಕೋಲು ಬಿಡಂಗಿಲ್ಲ. ಮ್ಯಾಲ ಹಗ್ಗ ಹೆಣ್ಮಕ್ಕಳ ಜಡಿ ಹೆಣೆದಂಗ ಹೆಣಕೊಂಡು ಇಳಿತದ. ಹೆಣೆಯೋದು ಹ್ಯಾಂಗೋ ಬರ್ತದ. ಬಿಚ್ಚೋದು ನೋಡಬೇಕು. ಹೊರಗಿಂದ ಹೋದವ ಹೊರಗಿಂದೇ ವಾಪಸ್, ಒಳಗಿಂದ ಹೋದವ ಒಳಗಿಂದೇ. ಒಬ್ಬ ತಪ್ಪಿದ್ರ ಗಂಟು ಬೀಳ್ತದ, ಎಲ್ಲಾರೂ ನಿಂತು ಕೈಲೆ ಬಿಡಿಸಬೇಕು. ನಮ್ಮ ವಸ್ತಾದ ಮೊದಲ ಬಿಚ್ಚೋದು ಕಲಿಸ್ತಿದ್ದ. ಹೆಣೆದ ಜಡಿ ಕೈಗೆ ಕೊಟ್ಟು ಬಿಚ್ಚು ಅಂತಿದ್ದ. ನಿನ್ನ ಬೆನ್ನ ಹಿಂದಿನ ಕೈನೂ ಹಂಗೇ ಬಿಚ್ಚು. ಬಲಕ್ಕ ತಿರುಗಿ ಮಡಚಿದ್ರ ಎಡಕ್ಕ ತಿರುಗಿ ಬಿಚ್ಚು. ಅಲ್ಲಿಂದ ಸುರು ಮಾಡಿ ಕಲಿ.

ನಾನು: ಅಂದ್ರ ಕೊನೀ ತಿರುವಿನಿಂದ ಹಿಂದಕ್ಕ.

ಮುತ್ಯಾ: ಹಾಂ. ಮತ್ತ ನಾಲ್ಕೂ ತಿರುವು ಒಂದೇ ಅಂತ ತಿಳೀಬ್ಯಾಡ. ಪ್ರತಿ ತಿರುವಿನ ಕೊನೀಗಿ ಒಂದು ಎಂಟು ಅದ, ಅಲ್ಲಿ ನಿಲ್ಲಾಕ ಜಾಗ ಅದ. ಅಲ್ಲಿ ಉಸಿರು ತಗೋ. ತಿರುಗೋವಾಗ ಕಣ್ಣು ಎಲ್ಲಿ ಇಡ್ತೀದಿ?

ನಾನು: ಎದುರಿದ್ದವನ ಮುಖದ ಮ್ಯಾಲ. ಮೈ ತಿರುಗಿದ್ರೂ ಕಣ್ಣು ಆದಷ್ಟು ಹೊತ್ತು ಅಲ್ಲೇ ಇಟ್ಟು, ಆಮ್ಯಾಲ ತಲಿ ಒಮ್ಮಿಗೇ ತಿರುಗಿಸಿ ಮತ್ತ ಅಲ್ಲೇ. ಹಂಗ ಮಾಡಿದ್ರ ತಲಿ ಸುತ್ತಂಗಿಲ್ಲ.

ಮುತ್ಯಾ: ನಾವು ಪೀರಲ ಪಂಜಾ ನೋಡ್ತಿದ್ವಿ.

ನಾನು: ಸಾಲ್ಸಾ ಹುಟ್ಟಿದ್ದೂ ಕೋಲಿನ ಸದ್ದಿನ ಸುತ್ತನೇ, ಮುತ್ಯಾ. ಕ್ಯೂಬಾ ಅಂತ ಒಂದು ದ್ವೀಪ. ಕಬ್ಬಿನ ತೋಟದಾಗ ದುಡಸಾಕ ಆಫ್ರಿಕಾದಿಂದ ಮಂದೀನ ಹಡಗಿನಾಗ ತುಂಬ್ಕೊಂಡು ತಂದ್ರು. ಆ ಮಂದಿ ತಾಳ, ಸ್ಪೇನಿನವರ ತಂತಿವಾದ್ಯ ಕೂಡಿ ದ್ವೀಪದ ಮೂಡಣ ಸೀಮಿಯೊಳಗ ‘ಸೋನ್’ ಅಂತ ಹಾಡು ಹುಟ್ಟಿತು. ಅದಕ್ಕ ತಾಳ ಹಿಡಿಯೋದು ಎರಡು ಕಟ್ಟಿಗಿ ತುಂಡು. ‘ಕ್ಲಾವೆ’ ಅಂತಾರ. ಎಂಟು ಎಣಿಕಿಗಿ ಐದು ಪೆಟ್ಟು. ಕೇಳು...

ಎರಡು ಕೋಲು ಹಿಡಿದು ಬಡಿದು ತೋರಿಸಿದೆ. ಒಂದಕ್ಕೆ ಒಂದು, ಎರಡು-ಮೂರರ ನಡುವೆ ಒಂದು, ನಾಲ್ಕಕ್ಕೆ ಒಂದು. ಆಮೇಲೆ ಆರಕ್ಕೆ, ಏಳಕ್ಕೆ. ಮುತ್ಯಾ ಕಣ್ಣು ಮುಚ್ಚಿ ಕೇಳಿದ.

ಮುತ್ಯಾ: ಇನ್ನೊಮ್ಮಿ ಬಡಿ... ನಾಲ್ಕಕ್ಕ ಪೆಟ್ಟು ಅದ.

ನಾನು: ಹೌದು.

ಮುತ್ಯಾ: ನಿನ್ನ ಕಾಲು ಸುಮ್ಮನಿರಬೇಕಾದಲ್ಲಿ ಕೋಲು ನುಡಿತದ. ನೀ ಅದನ್ನ ಕೇಳದ ಕಾಲು ಎತ್ತಿದ್ರ ಹ್ಯಾಂಗ? ಕಾಲು ನಿಂತು ಕೋಲಿಗಿ ಜಾಗ ಬಿಡಬೇಕು.

ಇಷ್ಟು ದಿನ ಅಲ್ಲಿ ಏನೂ ಇಲ್ಲ ಎಂದುಕೊಂಡಿದ್ದೆ. ಸಾಲ್ಸಾದ ಎಲ್ಲ ಹಾಡಿನಲ್ಲೂ ಈ ಪೆಟ್ಟು ಇದೇ ಕ್ರಮದಲ್ಲಿ ಬರುವುದಿಲ್ಲ. ಎರಡು ಪೆಟ್ಟಿನ ಭಾಗ ಮೊದಲು ಬಂದು ಮೂರರ ಭಾಗ ಆಮೇಲೆ ಬರುವುದೂ ಉಂಟು. ಆದರೂ ಆ ಮಾತಿನ ಮೇಲೆ ನಾನು ಹಾಡು ಕೇಳುವ ರೀತಿಯೇ ಬದಲಾಗಿದೆ.

ಮುತ್ಯಾ: ಮತ್ತ ಅದು ಬೆಂಗಳೂರಿಗಿ ಹ್ಯಾಂಗ ಬಂತು?

ನಾನು: ಮೊದಲ ನ್ಯೂಯಾರ್ಕಿಗಿ ಹೋಯ್ತು. ಕ್ಯೂಬಾದವರು, ಪೋರ್ಟೊರಿಕೋದವರು ಹೊಟ್ಟಿಪಾಡಿಗಿ ಅಲ್ಲಿ ಹೋಗಿ ನೆಲಸಿದ್ರು. 1964ರಾಗ ಜಾನಿ ಪಚೆಕೊ ಅನ್ನೋ ಸಂಗೀತಗಾರ, ಜೆರ್ರಿ ಮಸುಚ್ಚಿ ಅನ್ನೋ ವಕೀಲ ಕೂಡಿ ಫಾನಿಯಾ ಅಂತ ಕಂಪನಿ ತೆಗೆದು ರೆಕಾರ್ಡು ಮಾಡಿದ್ರು. ಸಾಲ್ಸಾ ಅನ್ನೋ ಹೆಸರು ಲೋಕದ ತುಂಬಾ ಹರಡಿದ್ದು ಹಂಗ. ಸಾಲ್ಸಾ ಅಂದ್ರ ಅವರ ಭಾಷಾದಾಗ ಗೊಜ್ಜು ಇದ್ದಂಗ, ನಾಲ್ಕಾರು ರುಚಿ ಕೂಡಿದ್ದು. ಇನ್ನೊಂದು ಕೇಳಿದ್ರ ನಿನಗ ಖುಷಿ ಆಗ್ತದ. ಹವಾನಾ ಊರಾಗ ಕಸಿನೋ ದೆಪೋರ್ತಿವೊ ಅಂತ ಒಂದು ಕ್ಲಬ್ಬು. 1950ರ ದಶಕದ ಕೊನೀಗಿ ಅಲ್ಲಿಯವರು ಜೋಡಿ ಜೋಡಿ ದುಂಡಗ ನಿಂತು ಆಡಾಕ ಸುರು ಮಾಡಿದ್ರು. ಒಬ್ಬ ಕೂಗಿ ಹೇಳ್ತಾನ. ಅವ ಕೂಗಿದ ತಿರುವು ಎಲ್ಲಾರೂ ಒಮ್ಮಿಗೇ ಹಾಕಬೇಕು. ಇನ್ನೊಂದು ಕೂಗಿದ್ರ ಎಲ್ಲಾರೂ ಜೋಡಿ ಬಿಟ್ಟು ಬಾಜೂದ ಜೋಡಿಗಿ ಹೋಗಬೇಕು. ‘ರುಯೇದಾ’ ಅಂತಾರ, ಗಾಲಿ ಅಂತ ಅರ್ಥ.

ಮುತ್ಯಾ: ಕೋಲಾಟನೇ ಅಲ್ಲೇನು ಅದು! ನಾನೂ ನಡುವ ನಿಂತು ಕೂಗ್ತಿದ್ದೆ. ಒಳಗಿನ ಸುತ್ತು ಬಲಕ್ಕ, ಹೊರಗಿನ ಸುತ್ತು ಎಡಕ್ಕ. ತನ್ನ ಕೋಲು ತಾ ಬಡಿ, ಎದುರಿನವಂದು ಬಡಿ, ಹೊರಳು, ಹಿಂದಿನವಂದು ಬಡಿ, ಮುಂದ ಸರಿ. ಗೌಡನ ಮಗ ಆಳಿನ ಮಗನ ಎದುರು ಬಂದು ಕೋಲು ಕೊಡಲೇಬೇಕಿತ್ತು. ಕೊಡಂಗಿಲ್ಲ ಅಂದವ ಸುತ್ತಿನ ಹೊರಗ ನಿಲ್ತಿದ್ದ.

ನಾನು: ಹಂಗಾದ್ರ ಅಲಾಯಿ ಹೆಜ್ಜಿನೂ ಇದೂ ಒಂದೇ ಅನ್ನಬಹುದೇನು?

ಮುತ್ಯಾ: ಅನ್ನಬ್ಯಾಡ. ಕೋಲಾಟ ಸಂತೋಷದ್ದು, ನಿನ್ನ ಸಾಲ್ಸಾನೂ ಸಂತೋಷದ್ದು. ಅಲಾಯಿ ಹೆಜ್ಜಿ ದುಃಖದ್ದು. ಕರ್ಬಲಾದಾಗ ಹುಸೇನರು ನೀರಿಲ್ಲದ ಕಾದಾಡಿ ಸತ್ರು, ಅದನ್ನ ನೆನಸಿ ಇಡೋ ಹೆಜ್ಜಿ. ರಿವಾಯತ ಹಾಡವ ಹಾಡ್ತಿದ್ರ ಹೆಜ್ಜಿ ಹಾಕವರ ಕಣ್ಣಾಗ ನೀರು ಬರ್ತಿತ್ತು. ಲಿಂಗಾಯತರು, ಕುರುಬರು, ಹೊಲೆಯರು, ಮಾದಿಗರು, ಮುಸಲ್ಮಾನರು ಎಲ್ಲಾರ ಹೆಗಲೂ ಒಂದೇ ಸಾಲಿನಾಗ ಇರ್ತಿದ್ದವು. ಹೆಜ್ಜಿ ಲೆಕ್ಕ ಎಲ್ಲಿದಾದ್ರೂ ಕಲಿ. ಅದನ್ನ ಯಾತಕ್ಕ ಇಡಬೇಕು ಅನ್ನೋದು ಮಾತ್ರ ಒಂದರೊಳಗ ಒಂದು ಕಲಸಬ್ಯಾಡ.

ನಾನು: ತಪ್ಪಾತು ಮುತ್ಯಾ. ಈ ವರ್ಷ ಹೆಜ್ಜಿಗಿ ಎಷ್ಟು ಮಂದಿ ಬಂದಿದ್ರು?

ಮುತ್ಯಾ: ಒಂಬತ್ತು. ಮೊದಲ ಎರಡು ಸಾಲು ನಲವತ್ತು ಮಂದಿ ಇರ್ತಿದ್ರು. ಹುಡುಗ್ರನ್ನ ಬೈಯಾಕ ನನಗ ಮನಸಿಲ್ಲ. ಮೊಹರಂ ವರ್ಷಕ್ಕ ಹತ್ತು-ಹನ್ನೊಂದು ದಿನ ಹಿಂದ ಹಿಂದಕ್ಕ ಸರಿತದ. ಈಗ ಬಂದು ಮುಂಗಾರು ಬಿತ್ತಿಗಿ ಹೊತ್ತಿಗಿ ನಿಂತದ. ತೊಗರಿ ಬಿತ್ತೋದು ಬಿಟ್ಟು ಹತ್ತು ದಿನ ರಾತ್ರಿ ಯಾರು ಕಲೀತಾರ? ಉಳಿದವರು ಪುಣೆ, ಮುಂಬೈಗಿ ದುಡಿಯಾಕ ಹೋಗ್ಯಾರ. ಬಂದವರಿಗಿ ಡಿಜೆ ಅದ. ಡಿಜೆ ಮುಂದ ಕುಣಿಯಾಕ ಕಲಿಯೋದು ಬೇಕಿಲ್ಲ, ಜೋಡೀನೂ ಬೇಕಿಲ್ಲ.

ನಾನು: ಮತ್ತ ಹೆಣ್ಮಕ್ಕಳು?

ಮುತ್ಯಾ: ನಿಮ್ಮ ಆಯಿ ಜೇವರ್ಗಿ ಕಡ್ಯಾಕಿ. ಗೌರಿ ಹುಣ್ಣಿಮಿಗಿ ಆಕಿ ಕೋಲು ಹಾಕೋದು ನೋಡಾಕ ಆ ಓಣಿ ಮಂದಿ ಕೂಡ್ತಿತ್ತಂತ. ಮದುವಿ ಆಗಿ ಈ ಮನಿಗಿ ಬಂದಳು. ನಮ್ಮವ್ವ ಸೊಸಿ ಕೈಯಾಗ ಕೋಲು ಯಾಕ ಅಂದ್ಲು. ನಾ ವಸ್ತಾದ, ಊರಿಗೆಲ್ಲ ಕಲಿಸ್ತಿದ್ದೆ, ಮನ್ಯಾಗ ಒಂದು ಮಾತು ಆಡಲಿಲ್ಲ. ಈ ಎರಡು ಕೋಲು ಯಾರವು ಅಂತ ತಿಳಿದೀದಿ?

ನಾನು: ನಿನ್ನವು ಅಂದ್ಕೊಂಡಿದ್ದೆ.

ಮುತ್ಯಾ: ಆಯಿವು. ಆಕಿ ತವರಿನಿಂದ ತಂದದ್ದು. ಆಕಿ ಹೋಗಿ ಹನ್ನೊಂದು ವರ್ಷ ಆತು. ಒಂದಿನಾನೂ ಆಕಿ ಜೋಡಿ ನಾ ಕೋಲು ಹಾಕಲಿಲ್ಲ.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಮುತ್ಯಾ ಮತ್ತೆ ಎದ್ದು ನಿಂತ, ಕೋಲು ನನ್ನ ಅಂಗೈಗೆ ಆನಿಸಿದ. ಒಂದು, ಎರಡು, ಮೂರು. ನಾಲ್ಕಕ್ಕೆ ನಿಂತೆವು.

ಮುತ್ಯಾ: ಇದಕ್ಕ ಕ್ಲಾಸು ಯಾಕ ಇರಬಾರದು? ನಿನ್ನ ಬೆಂಗಳೂರಾಗ ಸಾಲ್ಸಾಕ್ಕ ಅದ ಅಲ್ಲ. ವಾರಕ್ಕೆರಡು ಸಂಜಿ, ಒಂದು ಹೊತ್ತು ಅಂತ ಗೊತ್ತು ಮಾಡಿ, ಹುಡುಗರು ಹುಡುಗ್ಯಾರು ಕೂಡಿ. ಹಬ್ಬದ ಹತ್ತು ದಿನದಾಗ ಕಲೀರಿ ಅಂದ್ರ ಬರಂಗಿಲ್ಲ. ವರ್ಷ ಪೂರ್ತಿ ಕಲಿಸಬೇಕು.

ಮುತ್ಯಾ ಹೇಳಿದ್ದು ಆಗದ ಕೆಲಸವೇನಲ್ಲ. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ದೇಶದ ಹಲವು ಕಡೆಯ ಹುಡುಗ ಹುಡುಗಿಯರು ಅಲ್ಲಿ ಓದುತ್ತಾರೆ. ಜಾನಪದಕ್ಕೆಂದೇ ವಿಶ್ವವಿದ್ಯಾಲಯ 2011ರಲ್ಲಿ ಹುಟ್ಟಿದ್ದು ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ, ನಮಗೆ ಬಲು ದೂರ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಲ್ಲಿ ಶಾಲೆಯ ಅಂಗಳಗಳಿವೆ, ಸಂಜೆ ಖಾಲಿ ಬಿದ್ದ ಸಮುದಾಯ ಭವನಗಳಿವೆ. ಸಾಲ್ಸಾ ಉಳಿದು ಬೆಳೆದದ್ದು ಹೀಗೆ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಕೂಡಿ ಕಲಿಯುವ ಜನರಿಂದ. ನಮ್ಮ ಹೆಜ್ಜೆ ವಸ್ತಾದರ ಕಾಲಲ್ಲಿ ಮಾತ್ರ ಇದೆ, ಅವರಿಗೆಲ್ಲ ಎಪ್ಪತ್ತು ದಾಟುತ್ತಿದೆ.

ಆಳಂದ, ಅಫಜಲಪುರ, ಜೇವರ್ಗಿಯ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಓಣಿಯಲ್ಲಿ ಹೆಜ್ಜೆ ಬಲ್ಲ ಮುತ್ಯಾ, ಕೋಲು ಬಲ್ಲ ಆಯಿ ಇದ್ದರೆ ಈ ವಾರವೇ ಹೋಗಿ ಎದುರು ನಿಲ್ಲಿ. ಎಷ್ಟು ಎಣಿಕೆ, ಯಾವ ಕಾಲು ಮೊದಲು, ಎಲ್ಲಿ ಹೊರಳಬೇಕು, ಎಲ್ಲಿ ನಿಲ್ಲಬೇಕು ಎಂದು ಕೇಳಿ ಬರೆದುಕೊಳ್ಳಿ. ಮೊಬೈಲಿನಲ್ಲಿ ಕಾಲು ಕಾಣುವ ಹಾಗೆ ಚಿತ್ರ ತೆಗೆದಿಡಿ. ಅತ್ತೆಯನ್ನು, ಸೊಸೆಯನ್ನು, ಮಗಳನ್ನು ಕರೆದು ಸುತ್ತಿನಲ್ಲಿ ನಿಲ್ಲಿಸಿ. ನಮ್ಮೂರಿನಲ್ಲಿ ಬುಧವಾರ ಮತ್ತು ಶನಿವಾರ ಸಂಜೆ ಆರಕ್ಕೆ ಮುತ್ಯಾ ಕಲಿಸುತ್ತಿದ್ದಾನೆ. ಮೊದಲ ದಿನ ಏಳು ಮಂದಿ ಬಂದಿದ್ದರು, ಅದರಲ್ಲಿ ನಾಲ್ವರು ಹುಡುಗಿಯರು.